ಹದಿನೇಳು ಸೆಕೆಂಡಿನ ಬ್ಲೂಪರ್

ಸ್ಟುಡಿಯೋದ ಟೀವಿಯಲ್ಲಿ ಓಡುತ್ತಿದ್ದ ಟೇಪಿನಲ್ಲಿ ಲ್ಯೂಮಿರ್ ಕೋವಾರಿಕ್ ವಾರ್ತೆ ಓದುತ್ತಲೇ ಸೀನಿದರು, ಪೆನ್ನು ಹಾರಿಹೋಯಿತು. ಕ್ರಿಸ್‌ಮಸ್ ಪಾರ್ಟಿಗೆ ಸೇರಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ಮುಂದಿನ ಸಾಲಿನಲ್ಲಿ ಕೂತಿದ್ದ ಲ್ಯೂಮಿರ್ ಅವರೇ.

ವರ್ಷವಿಡೀ ನಡೆದ ಎಡವಟ್ಟುಗಳನ್ನು ಹೆಕ್ಕಿ ಈ ಟೇಪು ಮಾಡಿದವಳು ಆರ್ಲಿಸ್. ನೆಬ್ರಾಸ್ಕಾದ ಆ ಪುಟ್ಟ ಟೀವಿ ಕೇಂದ್ರದ ಟೇಪು ಕೋಣೆಗೆ ಸೇರಿ ಅವಳಿಗೆ ವರ್ಷವಾಗಿತ್ತು. ಯಾರೊಂದಿಗೂ ಹೆಚ್ಚು ಮಾತಿಲ್ಲ. ಇಂಥ ಎಡವಟ್ಟಿಗೆ ಬ್ಲೂಪರ್ ಎಂಬ ಪದವನ್ನು ಹೇಳಿಕೊಟ್ಟವರೂ ಲ್ಯೂಮಿರ್. “ಜನ ನಕ್ರೆ ಅದು ಬ್ಲೂಪರ್ ಕಣಮ್ಮ. ನಗದಿದ್ರೆ ಕೆಲಸಕ್ಕೇ ಕುತ್ತು,” ಎಂದಿದ್ದರು.

ಏಪ್ರಿಲ್‌ನಲ್ಲಿ ಅವರು ಒಂದೇ ಸುದ್ದಿಯನ್ನು ಎರಡು ಸಲ ಓದಿದರು. ಆಗಸ್ಟ್‌ನಲ್ಲಿ, ಹತ್ತು ವರ್ಷದಿಂದ ಪಕ್ಕದಲ್ಲೇ ಕೂರುವ ಜೊತೆಗಾರ್ತಿಯ ಹೆಸರು ಬಾಯಿಗೆ ಬರಲಿಲ್ಲ. ಅಕ್ಟೋಬರ್‌ನಲ್ಲಿ ಹವಾಮಾನದ ನಕ್ಷೆಯ ಮುಂದೆ ಬೆರಳೆತ್ತಿ ನಿಂತು ತಮ್ಮದೇ ಊರನ್ನು ಹುಡುಕಿದರು. ಹದಿನೇಳು ಸೆಕೆಂಡು. ಅದಕ್ಕೆ ಆರ್ಲಿಸ್ ಗಡಿಯಾರದ ಟಿಕ್ ಟಿಕ್ ಸದ್ದು ಸೇರಿಸಿದ್ದಳು. ಶಿಳ್ಳೆ, ಚಪ್ಪಾಳೆ. “ಭಲೇ ಹುಡುಗಿ!” ಎಂದು ಯಾರೋ ಬೆನ್ನು ತಟ್ಟಿದರು. ಖುಷಿಗೆ ಅವಳ ಕಿವಿ ಕೆಂಪಾಯಿತು.

ಲ್ಯೂಮಿರ್ ಅವರ ಹೆಂಡತಿ ಬ್ಲಾಂಚ್ ಮಾತ್ರ ನಗಲಿಲ್ಲ. ಟೇಪು ಮುಗಿದ ಮೇಲೆ ಎದ್ದು ಆರ್ಲಿಸ್ ಬಳಿಗೆ ಬಂದರು.

“ಆ ನಕ್ಷೆದು ಎಷ್ಟನೇ ತಾರೀಖು, ಮಗೂ?”

“ಒಂಬತ್ತು. ಮಂಗಳವಾರ.”

“ಅವತ್ತು ಸಂಜೆ ಇವರು ನಮ್ಮ ಹಳೇ ಮನೆ ಮುಂದೆ ಕಾರು ನಿಲ್ಲಿಸ್ಕೊಂಡು ಕೂತಿದ್ರು. ಆ ಮನೆ ಮಾರಿ ಆರು ವರ್ಷ ಆಯ್ತು. ದಾರಿ ತಪ್ತು ಅಂತ ನಗ್ತಾ ಹೇಳಿದ್ರು. ನಾನೂ ನಕ್ಕುಬಿಟ್ಟೆ.”

ಆರ್ಲಿಸ್ ತಲೆ ತಗ್ಗಿಸಿದಳು. ಸದ್ದು ಎಲ್ಲಿ ಕೂರಿಸಬೇಕೆಂದು ನಕ್ಷೆಯ ಮುಂದೆ ನಿಂತ ಲ್ಯೂಮಿರ್ ಅವರ ಮುಖವನ್ನು ಅವಳು ನಲವತ್ತು ಸಲವಾದರೂ ನೋಡಿದ್ದಳು. ಆ ಕಣ್ಣಿನಲ್ಲಿದ್ದ ಹೆದರಿಕೆಯನ್ನೂ ನೋಡಿದ್ದಳು. ನೋಡಿ, ಅಲ್ಲೇ ಟಿಕ್ ಟಿಕ್ ಜೋರು ಮಾಡಿದ್ದಳು.

“ಮಿಸೆಸ್ ಕೋವಾರಿಕ್, ನಾನು...”

“ಇನ್ನೊಂದ್ಸಲ ಹಾಕಮ್ಮ! ಆ ನಕ್ಷೆದು!” ಲ್ಯೂಮಿರ್ ಕೂತಲ್ಲಿಂದಲೇ ಕೂಗಿದರು.

ಟೇಪು ಯಂತ್ರದ ಗುಂಡಿಯತ್ತ ಹೋದ ಆರ್ಲಿಸ್ ಕೈ ಅಲ್ಲೇ ನಿಂತಿತು. ಬ್ಲಾಂಚ್ ಅದರ ಮೇಲೆ ತಮ್ಮ ಕೈಯಿಟ್ಟರು.

“ಡಾಕ್ಟರಿಗೆ ತೋರಿಸ್ಬೇಕು, ನನಗೊಂದು ಕಾಪಿ ಮಾಡ್ಕೊಡು,” ಎಂದರು ಮೆಲ್ಲಗೆ. “ಆ ಟಿಕ್ ಟಿಕ್ ಮಾತ್ರ ತೆಗೆದುಬಿಡು.”