ಎದೆಯ ಮೇಲಿನ ಮುಖ

ಇಸ್ತ್ರಿಪೆಟ್ಟಿಗೆ ಕಾದಿತ್ತು. ಮಗಳು ಬೆರಳು ಒದ್ದೆ ಮಾಡಿ ಅದರ ತಳಕ್ಕೆ ತಾಗಿಸಿ ನೋಡಿದಳು. ಚುಯ್ ಎಂದಿತು. ಅಷ್ಟು ಸಾಕು.

ಎದುರಿನ ಮೇಜಿನ ಮೇಲೆ ಅಮ್ಮನ ಓಟದ ಅಂಗಿ ಅಂಗಾತ ಬಿದ್ದಿತ್ತು. ಅಂಗಿಯ ಎದೆಯ ಮೇಲೆ ಅವಳಿದ್ದಳು. ಈ ವರ್ಷ ಮುಖ ಇನ್ನೂ ದೊಡ್ಡದಾಗಿ ಅಚ್ಚಾಗಿತ್ತು. ಮುಚ್ಚಿದ ಕಣ್ಣು, ಸುಕ್ಕುಗಟ್ಟಿದ ಹಣೆ, ಮೂಗಿಗೆ ತೂರಿಸಿದ ನಳಿಕೆ, ಗಾಜಿನ ಪೆಟ್ಟಿಗೆಯೊಳಗೆ ಯಾರ ಮೇಲೋ ಸಿಟ್ಟಾದಂತೆ ಬಿಗಿದ ಮುಷ್ಟಿ. ಅಂಗೈಯಲ್ಲಿ ಹಿಡಿಸುವಷ್ಟು ಕೂಸು. ಈ ಮನೆಯನ್ನು ಆಳುತ್ತಿದ್ದುದು ಅದೇ.

ನಾಳೆ ಬೆಳಿಗ್ಗೆ ಓಟ. ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳನ್ನು ಉಳಿಸುವ ವಾರ್ಡಿಗೆ ನೆರವು ಕೂಡಿಸಲು ಆಸ್ಪತ್ರೆಯವರು ಪ್ರತಿವರ್ಷ ನಡೆಸುವ ಓಟ. ಅಪ್ಪ ಅಮ್ಮ ಒಂದು ವರ್ಷವೂ ತಪ್ಪಿಸಿದವರಲ್ಲ. ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿ ಅವರದು. ದಿನವಿಡೀ ನಿಂತೇ ದುಡಿಯುವ ಜನ. ಅಪ್ಪನಿಗೆ ಮೊಣಕಾಲು ನೋವು, ಅಮ್ಮನಿಗೆ ಸೊಂಟ ಹಿಡಿತ. ಆದರೂ ಓಟ ಹತ್ತಿರ ಬಂತೆಂದರೆ ಇಬ್ಬರಿಗೂ ಹುಮ್ಮಸ್ಸು. ಬೆಳಗಾಗುತ್ತಲೇ ಬೀದಿ ಸುತ್ತಿ ಏದುಸಿರು ಬಿಡುತ್ತಾ ಬರುತ್ತಿದ್ದರು. ಮಗಳ ಹುಟ್ಟುಹಬ್ಬವೂ ಅದೇ ವಾರ ಬರುತ್ತಿತ್ತು. ಬಂದದ್ದೂ ಹೋದದ್ದೂ ಗೊತ್ತಾಗುತ್ತಿರಲಿಲ್ಲ.

ಚಿಕ್ಕಂದಿನಲ್ಲಿ ಒಮ್ಮೆ ಗೋಡೆಯ ಮೇಲಿದ್ದ ಇದೇ ಕೂಸಿನ ಫೋಟೋ ತೋರಿಸಿ, "ಇದು ಯಾರಮ್ಮಾ?" ಎಂದು ಕೇಳಿದ್ದಳು. ಅಮ್ಮ ಬಿಕ್ಕಿ ಬಿಕ್ಕಿ ಅತ್ತಿದ್ದಳು. ಅಜ್ಜಿ ಇವಳ ರಟ್ಟೆ ಹಿಡಿದು ಹೊರಗೆ ಕರೆದೊಯ್ದು, "ಹುಟ್ಟಿದ್ದು ನೀವಿಬ್ರು ಪುಟ್ಟಿ. ಒಬ್ಳು ಹೋಗ್ಬಿಟ್ಲು. ಅಮ್ಮನ ಮುಂದೆ ಆ ಮಾತು ಎತ್ಬೇಡ" ಎಂದಿದ್ದಳು. ಮಗಳು ಎತ್ತಲಿಲ್ಲ. ನುಂಗಿಕೊಂಡಳು.

ಬದುಕಿರುವ ಅಕ್ಕತಂಗಿಯರ ಜೊತೆಯಾದರೆ ಜಡೆ ಹಿಡಿದು ಜಗಳವಾಡಬಹುದು. ಹೋದವಳ ಜೊತೆ ಏನು ಆಡುವುದು? ಅವಳು ಗಣಿತದಲ್ಲಿ ನಪಾಸಾಗುವುದಿಲ್ಲ. ಗಿರಾಕಿಯ ರೇಷ್ಮೆ ಬಟ್ಟೆಯ ಮೇಲೆ ನೀರು ಚೆಲ್ಲುವುದಿಲ್ಲ. ಎದುರು ಮಾತಾಡುವುದಿಲ್ಲ. ಹೋದ ವಾರ ಕನ್ನಡಕದ ಮೇಷ್ಟ್ರು ಅಂಗಡಿಗೆ ಬಂದವರು ಈ ಅಂಗಿಯನ್ನು ನೋಡಿ, "ಯಾರಮ್ಮಾ ಈ ಪುಟಾಣಿ?" ಎಂದಿದ್ದರು. "ನಮ್ಮ ಮಗಳು" ಎಂದಳು ಅಮ್ಮ. ಆ ದನಿಯಲ್ಲಿ ಎಂಥ ಹೆಮ್ಮೆ! ಒಳಗೆ ಗುಂಡಿ ಹೊಲಿಯುತ್ತಿದ್ದ ಮಗಳಿಗೆ ಸೂಜಿ ಚುಚ್ಚಿತು. ತನ್ನನ್ನು ಯಾರಿಗಾದರೂ ಪರಿಚಯಿಸುವಾಗ ಅಮ್ಮ ಹೀಗೆ ಹೇಳಿದ್ದುಂಟೇ?

"ಈ ಮುಖ ನೋಡಿದ್ರೆ ಸಾಕು, ಕಾಲು ತಾವಾಗೇ ಓಡ್ತವೆ" ಎಂದು ಅಪ್ಪ ಬೇರೆ ಒಗ್ಗರಣೆ ಹಾಕಿದ್ದ.

ಓಟ ಮುಗಿದ ಮೇಲಿನದಂತೂ ಇನ್ನೂ ಕಷ್ಟ. ಗೆರೆ ದಾಟಿದವರು ನೀರನ್ನೂ ಕುಡಿಯದೆ ನೇರ ಇವಳ ಹತ್ತಿರ ಓಡಿ ಬಂದು ತಬ್ಬಿಕೊಳ್ಳುತ್ತಿದ್ದರು. ಬಿಡುತ್ತಲೇ ಇರಲಿಲ್ಲ. ಬೆವರಿನಲ್ಲಿ ತೊಯ್ದ ಆ ಕೂಸಿನ ಮುಖ ಇವಳ ಕೆನ್ನೆಗೆ ಒತ್ತುತ್ತಿತ್ತು. ಅವಳಿಗೆ ಸಿಗಬೇಕಾದ ಅಪ್ಪುಗೆ, ಅವಳಿಲ್ಲವೆಂದು ನನಗೆ. ಹೀಗೆಂದುಕೊಂಡು ಮಗಳು ಮರದ ಕೊರಡಿನ ಹಾಗೆ ನಿಂತಿರುತ್ತಿದ್ದಳು.

ಇವತ್ತು ಅಪ್ಪ ಅಮ್ಮ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದರು. ಅಚ್ಚು ಹಾಕಿದ ಬಟ್ಟೆಯನ್ನು ಒಳಮೈ ಹೊರಗೆ ಮಾಡಿಯೇ ಇಸ್ತ್ರಿ ಮಾಡಬೇಕೆಂಬುದು ಮಗಳಿಗೆ ಚೆನ್ನಾಗಿ ಗೊತ್ತಿತ್ತು. ಅವಳು ಅಂಗಿಯನ್ನು ತಿರುಗಿಸಲಿಲ್ಲ. ಇಸ್ತ್ರಿಪೆಟ್ಟಿಗೆಯನ್ನು ಕೂಸಿನ ಮುಖದ ಮೇಲಿಟ್ಟು, ಎರಡೂ ಕೈಯಿಂದ ಅದುಮಿದಳು.

ಮೊದಲು ವಾಸನೆ ಬಂತು. ಆಮೇಲೆ ಹೊಗೆ. ಎತ್ತಿದಾಗ ಹಣೆ, ಕಣ್ಣು, ಮೂಗು ಎಲ್ಲ ಕರಗಿ ಕಂದು ಮುದ್ದೆಯಾಗಿ ಇಸ್ತ್ರಿಯ ತಳಕ್ಕೆ ಅಂಟಿತ್ತು. ಅವಳ ಎದೆ ಹಗುರಾಗಬೇಕಿತ್ತು. ಆಗಲಿಲ್ಲ.

ವಾಸನೆ ಹಿಡಿದು ಅಮ್ಮ ಓಡಿ ಬಂದಳು. ಅಂಗಿ ನೋಡಿ ಎದೆ ಬಡಿದುಕೊಂಡಳು.

"ಅಯ್ಯೋ! ಏನು ಮಾಡ್ಕೊಂಡೆಯೇ ನೀನು!"

"ಕೈಗೇನೂ ಆಗಿಲ್ಲ" ಎಂದಳು ಮಗಳು ತಣ್ಣಗೆ.

ಹಿಂದೆಯೇ ಬಂದ ಅಪ್ಪ ಅಂಗಿಯನ್ನೆತ್ತಿ ನೋಡಿದ. ಕಸುಬು ಬಲ್ಲವನು. ಕೈತಪ್ಪಿ ಆದದ್ದಲ್ಲವೆಂದು ಒಂದೇ ನೋಟಕ್ಕೆ ತಿಳಿಯಿತು. "ಬೇಕು ಅಂತಲೇ ಸುಟ್ಟಿದ್ದೀಯ" ಎಂದ. "ಯಾಕೆ?"

"ಹೌದು, ಬೇಕು ಅಂತಲೇ!" ಇಷ್ಟು ವರ್ಷ ನುಂಗಿಕೊಂಡಿದ್ದೆಲ್ಲ ಒಮ್ಮೆಲೇ ಹೊರಬಿತ್ತು. "ಗೋಡೆ ಮೇಲೂ ಅವಳೇ, ಅಂಗಿ ಮೇಲೂ ಅವಳೇ. ಬಂದೋರಿಗೆಲ್ಲ ಅವಳನ್ನೇ ತೋರಿಸ್ತೀರಿ. ಹೋದೋಳಿಗೋಸ್ಕರ ಮೊಣಕಾಲು ಮುರ್ಕೊಂಡು ಓಡ್ತೀರಿ. ಇರೋಳು ನಾನು! ಒಂದು ಸಲನಾದ್ರೂ ನನ್ನ ಮುಖ ಎದೆ ಮೇಲೆ ಹಾಕ್ಕೊಂಡು ಓಡಿದ್ದೀರಾ?"

ಅಪ್ಪನ ಕೈಯಿಂದ ಅಂಗಿ ಜಾರಿತು. ಅಮ್ಮ ಅಲ್ಲೇ ಬಟ್ಟೆಗಂಟಿನ ಮೇಲೆ ಕುಸಿದಳು. ಗಂಡನ ಮುಖ ನೋಡಿದಳು, ಮಗಳ ಮುಖ ನೋಡಿದಳು. ಏನೋ ಅರ್ಥವಾದವಳಂತೆ ಬಾಯಿಗೆ ಸೆರಗು ಒತ್ತಿಕೊಂಡಳು. ಸುಟ್ಟ ಅಂಗಿಯನ್ನೆತ್ತಿ ಮಡಿಲಲ್ಲಿ ಹರವಿಕೊಂಡಳು.

"ಇದು ನೀನೇ ಕಣೆ. ಅವಳದ್ದು ಒಂದು ಫೋಟೋ ತೆಗೆಯೋವಷ್ಟು ಹೊತ್ತೂ ಅವಳು ನಮ್ಮ ಜೊತೆ ಇರ್ಲಿಲ್ಲ."