ಗಾಯಕ ಹಿಂದೆ ತಿರುಗಿದ

ದಿಲ್ಲಿಯ ಜನಕಪುರಿಯಲ್ಲಿ ಒಂದು ನಿಶ್ಚಿತಾರ್ಥದ ಊಟದ ನಡುವೆ, ಹಳೆಯ ಹಿಂದಿ ಹಾಡಿನ ಎರಡನೆಯ ಚರಣಕ್ಕೆ ಬಾಯಿ ತೆರೆದ ಗಾಯಕ ಅಕ್ಷಯನಿಗೆ ಸಾಲೇ ನೆನಪಾಗಲಿಲ್ಲ. ಅವನು ನಗುತ್ತಲೇ ಮೈಕನ್ನು ಇಳಿಸಿ ಹಿಂದೆ ತಿರುಗಿದ. ಗಿಟಾರಿನವನೂ ತಿರುಗಿದ. ಅಲ್ಲಿ, ವೇದಿಕೆಯ ಮೂಲೆಯಲ್ಲಿ ಬೇಸ್ ಗಿಟಾರ್ ಹಿಡಿದು ನಿಂತಿದ್ದವಳು ಸ್ನೇಹಲತಾಳ ಮಗಳು ರಶ್ಮಿತಾ.

ಈ ಬ್ಯಾಂಡ್ ಬಿಟ್ಟುಬಿಡು ಎಂದು ಮಗಳಿಗೆ ಇವತ್ತು ಹೇಳಲೇಬೇಕೆಂದು ಸ್ನೇಹಲತಾ ಬಂದಿದ್ದಳು. ಬೆಳಿಗ್ಗೆ ಅವಳು, "ಅಷ್ಟೊಂದು ಗದ್ದಲದಲ್ಲಿ ನಿನ್ನದು ಯಾವ ಶಬ್ದ ಅಂತಲೇ ಗೊತ್ತಾಗುವುದಿಲ್ಲವಲ್ಲ ಮಗಾ" ಎಂದದ್ದಕ್ಕೆ ರಶ್ಮಿತಾ ನಕ್ಕಿದ್ದಳು. "ಪತಾ ನ ಚಲೇ ಅಮ್ಮ, ಗೊತ್ತಾಗಲೇಬಾರದು, ಅದೇ ನನ್ನ ಕೆಲಸ." ಗಂಡನ ಹೋಟೆಲಿನ ಅಡುಗೆಮನೆಯಲ್ಲೇ, ಯಾರ ಕಣ್ಣಿಗೂ ಬೀಳದೆ, ಅರ್ಧ ಆಯುಷ್ಯ ಕಳೆದ ತಾಯಿಗೆ ಆ ಮಾತು ಚುಚ್ಚಿತ್ತು.

ಈಗ ವೇದಿಕೆಯಲ್ಲಿ ರಶ್ಮಿತಾ ಗಾಬರಿಯಾಗಲಿಲ್ಲ. ಅದೇ ನಾಲ್ಕು ಸ್ವರಗಳನ್ನು ಮತ್ತೆ ಮತ್ತೆ ಸುತ್ತಿ ನುಡಿಸಿದಳು, ತೊಟ್ಟಿಲು ತೂಗುವಷ್ಟು ಸಮಾಧಾನದಿಂದ. ಡ್ರಮ್ಮಿನವನು ಅವಳ ಬೆರಳನ್ನೇ ನೋಡುತ್ತ ಬಡಿತ ತಗ್ಗಿಸಿದ. ಸಾಲು ನೆನಪಾಗಿ ಅಕ್ಷಯನ ಮುಖ ತಿಳಿಯಾಗುವವರೆಗೂ ಅವಳು ಕಾದಳು. ಆಮೇಲೆ ಅವನತ್ತ ಗದ್ದವನ್ನು ತುಸು ಎತ್ತಿ, ಕೆಳಗಿನ ಒಂದು ಸ್ವರ ಮೀಟಿದಳು. ಕುಳಿತಿದ್ದ ಹಾಡು ಎದ್ದು ನಡೆಯಿತು. ಸ್ನೇಹಲತಾಳ ಚಮಚ ತಟ್ಟೆಗೂ ಬಾಯಿಗೂ ನಡುವೆ ನಿಂತೇ ಇತ್ತು.

"ಎಷ್ಟು ಚಂದ ಹಾಡ್ತಾನೆ ನೋಡಿ," ಎಂದಳು ಪಕ್ಕದಲ್ಲಿ ಕುಳಿತಿದ್ದ ಗೆಳತಿ ಅಮಿತಾ. ವೇದಿಕೆಯಲ್ಲಿ ನಡೆದದ್ದೇನೂ ಅವಳಿಗೆ ತಿಳಿದಿರಲಿಲ್ಲ. "ನಿಮ್ಮ ಮಗಳಿಗೂ ಸ್ವಲ್ಪ ಮುಂದೆ ಬರ್ಲಿಕ್ಕೆ ಹೇಳಿ ಅಕ್ಕ. ಹಿಂದೆ ನಿಂತರೆ ಯಾರು ನೋಡ್ತಾರೆ?"

"ಬೇಡ," ಎಂದಳು ಸ್ನೇಹಲತಾ, ಮಗಳಿಂದ ಕಣ್ಣು ತೆಗೆಯದೆ. "ಅವಳು ಮುಂದೆ ಬಂದರೆ ಅವರೆಲ್ಲ ಯಾರ ಕಡೆ ತಿರುಗುವುದು?"