ಕಬ್ಬಿಣದ ಮೇಲೆ ಮೂಡಿದ ಗೆರೆ

ಬಣ್ಣ ಕೆರೆದ ಕಬ್ಬಿಣದ ತೊಲೆಯ ಮೇಲೆ ಬಿಳಿ ಪುಡಿ ಸಿಂಪಡಿಸಿ ಅಂಬಿಕಾ ಹಿಂದೆ ಸರಿದಳು. ಮೊದಲು ಸವರಿ ಒರೆಸಿದ ಕೆಂಪು ದ್ರವ ಬಿರುಕಿನೊಳಗೆ ಇಳಿದಿದ್ದರೆ ಈಗ ಹೊರಗೆ ಒಸರಬೇಕು. ಆ ತೊಲೆ ಹೊತ್ತಿದ್ದ ಕಮಲಾಪುರದ ಹಳೆಯ ಸೇತುವೆಯ ಮೇಲೆ, ಅವರ ತಲೆಯ ಮೇಲ್ಗಡೆ, ಜನ ತುಂಬಿದ ಬಸ್ಸುಗಳನ್ನು ತಡೆದು ನಿಲ್ಲಿಸಿದ್ದರು.

"ಕಣ್ಣಿಗಿ ಕಾಣೋ ಬಿರುಕು ಇಷ್ಟೇ ಅದರೀ ಮೇಡಂ," ಎಂದು ಇಲಾಖೆಯ ಎಂಜಿನಿಯರ್ ಮಹಾದೇವಪ್ಪ ಬೆರಳುದ್ದದ ಗೆರೆ ತೋರಿಸಿದರು. "ಕಂಪ್ಯೂಟರ್ ಹೇಳ್ತದಂತ ದಾರಿ ಎಷ್ಟೊತ್ತು ಬಂದ್ ಇಡ್ಲಿ?"

"ಸ್ವಲ್ಪ ತಡೀರಿ ಸರ್."

ಅಳುಕು ಅವಳಿಗೂ ಇತ್ತು. ಕಲಬುರಗಿಯ ಪ್ರಯೋಗಾಲಯದಲ್ಲಿ ಈ ತೊಲೆಯ ಮಾದರಿಯನ್ನು ಕಂಪ್ಯೂಟರಿನಲ್ಲಿ ಸಾವಿರಾರು ಚೂರುಗಳಿಂದ ಕಟ್ಟಿ, ವರ್ಷಗಟ್ಟಲೆ ಓಡಾಡಿದ ಲಾರಿ-ಬಸ್ಸುಗಳ ಭಾರವನ್ನು ಅದರ ಮೇಲೆ ಹೊರಿಸಿದ್ದಳು. ಲೆಕ್ಕದ ಬಿರುಕು ನೇರ ಹೋಗದೆ, ನಡುವೆ ಹೊರಳಿ ಬೋಲ್ಟಿನ ತೂತಿನ ಕಡೆ ಬಾಗಿತ್ತು. ಆ ಬಾಗನ್ನು ಅವಳೇ ಪೂರ್ತಿ ನಂಬಿರಲಿಲ್ಲ.

ಬಿಳಿಯ ಮೇಲೆ ಒಂದು ಕೆಂಪು ಚುಕ್ಕೆ ಮೂಡಿತು. ಅದರ ಮುಂದೆ ಇನ್ನೊಂದು. ಚುಕ್ಕೆಗಳು ಕೂಡಿ ಕೂದಲೆಳೆಯಂಥ ಗೆರೆಯಾದವು. ಗೆರೆ ಬೆರಳುದ್ದವನ್ನು ದಾಟಿ ಮೇಲೇರಿತು, ನಡುವೆ ಹೊರಳಿತು, ಬೋಲ್ಟಿನ ತೂತಿನತ್ತ ಬಾಗಿ ಅದರ ಅಂಚಿಗೇ ಹೋಗಿ ನಿಂತಿತು. ಅಂಬಿಕಾ ತೊಲೆಯ ಹತ್ತಿರಕ್ಕೆ ಬಾಗಿ ಗೆರೆಯನ್ನು ಮತ್ತೊಮ್ಮೆ ನೋಡಿದಳು. ಕಬ್ಬಿಣದೊಳಗೆ ಬಿರುಕು ಯಾರಿಗೂ ಕಾಣದಂತೆ ಹಿಡಿದಿದ್ದ ದಾರಿ ಅವಳ ಲೆಕ್ಕಕ್ಕೆ ಕಂಡಿತ್ತು.

ಮಹಾದೇವಪ್ಪ ತಲೆಯ ಮೇಲಿನ ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದರು. "ಒಳಗ ಹೊಕ್ಕು ನೋಡಿ ಬಂದಂಗ ಅದಲ್ರೀ, ಯವ್ವಾ," ಎಂದು ಮೆಲ್ಲಗೆ ಅಂದರು. ಮರುಕ್ಷಣವೇ ಮೇಲಿನ ರಸ್ತೆಯತ್ತ ಮುಖ ಎತ್ತಿ ಗಂಟಲು ಹರಿಯುವಂತೆ ಕೂಗಿದರು:

"ಮಂದಿನ್ನೆಲ್ಲಾ ಕೆಳಗ ಇಳಸ್ರೀ! ಬಸ್ಸು ಹಿಂದಕ್ಕ ಹೊಳ್ಳಿಸ್ರೀ!"